ಮಾಸ್ತರರು, ಜಮೀನು ಮತ್ತು ದಾನ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬರೆಯಿರೆಂದು ಸಂಪಾದಕ ಮಂಡಳಿಯವರು ಕೇಳಿದರು. ರಾಜ-ಮಹಾರಾಜರ ಕಥೆ ಬರೆಯಲು ಬಲ್ಲವರು ಬೇರೆ ಇದ್ದಾರೆ. ನಾನು ನಮ್ಮ ಕಟ್ಟೆಯ ಮೇಲೆ ದಿನಾ ಕೇಳುವ ಒಂದು ಮಾತನ್ನೇ ಹಿಡಿದುಕೊಂಡಿದ್ದೇನೆ. "ಅವರು ಮೊದಲ ಸಾಲಿ ಮಾಸ್ತರ ಇದ್ರು, ಈಗ ಪ್ಲಾಟಿನ ವ್ಯವಹಾರ ಮಾಡ್ತಾರ. ಗುಡಿಗೂ ಸಾಲಿಗೂ ಕೈ ಬಿಚ್ಚಿ ರೊಕ್ಕ ಕೊಡ್ತಾರ ನೋಡ್ರಿ!" ಹೀಗೆನ್ನುವವರ ದನಿಯಲ್ಲಿ ಅರ್ಧ ಮೆಚ್ಚುಗೆ, ಅರ್ಧ ಅನುಮಾನ ಇರುತ್ತದೆ.

ಬೆಳಗಾವಿಯಿಂದ ಖಾನಾಪುರದ ರಸ್ತೆ ಹಿಡಿದರೆ ಟಿಳಕವಾಡಿ ದಾಟಿ ಉದ್ಯಮಬಾಗ, ಅದರ ಮುಂದೆ ಮಚ್ಛೆ. ಅಲ್ಲೇ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ವಿದ್ಯೆ ಬಂದ ದಾರಿಯಲ್ಲೇ ಪ್ಲಾಟೂ ಬಂದವು. ಹೀಗಾಗಿ ವಿದ್ಯೆ, ಜಮೀನು, ದಾನ ಈ ಮೂರೂ ಕೂಡಿದ ಕಥೆ ನಮಗೆ ಹೊಸದೇನಲ್ಲ. ಅದರ ಹಳೆಯ ಪುಟ ಸ್ವಲ್ಪ ತಿರುವಿ ನೋಡೋಣ.

ಮೊದಲು ಜಮೀನಿನ ಮಾತು. ಸವದತ್ತಿ ತಾಲೂಕಿನ ಸಿರಸಂಗಿಯ ದೇಸಾಯಿ ಲಿಂಗರಾಜರು 1861ರಲ್ಲಿ ಜನಿಸಿದವರು. ಹುಟ್ಟಿದ ಮನೆ ಬೇರೆ, ದತ್ತಕವಾಗಿ ಬಂದದ್ದು ಸಿರಸಂಗಿ-ನವಲಗುಂದ ದೇಸಗತಿಗೆ. 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ವಿದ್ಯೆಗಾಗಿ ಮೃತ್ಯುಪತ್ರ ಬರೆದಿಟ್ಟರು. ಹೊಲದ ಉತ್ಪನ್ನ ಹುಡುಗರ ಪುಸ್ತಕ, ಫೀಸಿಗೆ ಹೋಗಲಿ ಎಂಬುದು ಅವರ ಇಚ್ಛೆ. ನಮ್ಮ ಸೀಮೆಯಲ್ಲಿ ಹೊಲವನ್ನು ಸಾಲಿಗೆ ಬರೆದುಕೊಟ್ಟ ದೊಡ್ಡ ಉದಾಹರಣೆ ಇದೇ.

ಇನ್ನು ಮಾಸ್ತರರ ಮಾತು. 1916ರ ನವೆಂಬರ 13ರಂದು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿತು. ಜನ ಇಂದಿಗೂ "ಸಪ್ತರ್ಷಿಗಳು" ಎಂದು ಕರೆಯುವ ಏಳು ಜನ ಸ್ಥಾಪಕರಲ್ಲಿ ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಬಿ.ಬಿ. ಮಮದಾಪುರ, ಬಿ.ಎಸ್. ಹಂಚಿನಾಳ ಮೊದಲಾದವರು ಇದ್ದರು. ಕಲಿತವನಿಗೆ ಸರಕಾರಿ ನೌಕರಿ ಎಂದರೆ ದೊಡ್ಡ ಮಾನ ಇದ್ದ ಕಾಲವದು. ಇವರು ಸಾಲಿಯನ್ನೇ ಹಿಡಿದರು. ಆರಂಭವಾದದ್ದು ಗಿಲಗಂಚಿ-ಅರಟಾಳ ಹೆಸರಿನ ಒಂದು ಸಾಲಿ, ನಮ್ಮೆಲ್ಲರ ಬಾಯಲ್ಲಿ ಜಿ.ಎ. ಹೈಸ್ಕೂಲು. ಇವರಲ್ಲಿ ಬಸವನಾಳರು ಬರೇ ಸಾಲಿ ನಡೆಸಿದವರಲ್ಲ, ವಚನಗಳ ಸಂಪಾದನೆ ಮಾಡಿದ ಪಂಡಿತರು. 1944ರಲ್ಲಿ ರಬಕವಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅಂಥವರು ಸಾಲಿಗಾಗಿ ಮಂದಿಯ ಮುಂದೆ ಕೈ ಒಡ್ಡಲು ನಾಚಲಿಲ್ಲ.

ದಾನಿಗಳು ಬಂದರು. 1933ರಲ್ಲಿ ಲಿಂಗರಾಜ ಕಾಲೇಜು ತೆರೆಯಿತು, ಸಿರಸಂಗಿಯ ದೇಸಾಯರ ಹೆಸರು ಬೆಳಗಾವಿಯಲ್ಲಿ ಉಳಿಯಿತು. ವಂಟಮೂರಿಯ ರಾಜಾ ಲಖಮಗೌಡರ ಹೆಸರಿನಲ್ಲಿ ವಿಜ್ಞಾನ ಕಾಲೇಜಾಯಿತು. 1947ರಲ್ಲಿ ಭೂಮರಡ್ಡಿ ಬಸಪ್ಪನವರ ಹೆಸರಿನಲ್ಲಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜು, 1963ರಲ್ಲಿ ಬೆಳಗಾವಿಯಲ್ಲಿ ಜವಾಹರಲಾಲ ನೆಹರೂ ಮೆಡಿಕಲ್ ಕಾಲೇಜು. ಶ್ರೀಮಂತರು ಎಲ್ಲ ಕಾಲಕ್ಕೂ ಇದ್ದಾರೆ. ಅವರು ಮಾಸ್ತರರ ಕೈಗೆ ಯಾಕೆ ರೊಕ್ಕ ಕೊಟ್ಟರು? ಕೊಟ್ಟ ರೊಕ್ಕ ಸಾಲಿಗೇ ಮುಟ್ಟುತ್ತದೆ, ಮಾಸ್ತರರ ಮನೆಗಲ್ಲ, ಎಂಬ ಭರವಸೆ ಇತ್ತು. ನಮ್ಮ ಸಂಘದ ಬೋರ್ಡಿನ ಮೇಲೆ ಬರೆದ "ಪತ್ತು" ಎಂಬ ಶಬ್ದದ ಅರ್ಥ ಇದೇ ಅಲ್ಲವೇ?

ಆದರೆ ಇತಿಹಾಸ ಬರೆಯುವವನು ದಾನಿಗಳಿಗೆ ಹಾರ ಹಾಕಿ ಎದ್ದುಬಿಟ್ಟರೆ ಲೆಕ್ಕ ಪೂರಾ ಆಗುವುದಿಲ್ಲ. ದೇಸಗತಿಯ ಉತ್ಪನ್ನವೆಂದರೆ ರೈತ ಕೊಟ್ಟ ಪಾಲು. ಲಿಂಗರಾಜರ ದಾನ ದೊಡ್ಡದು ಖರೆ, ಅದರಲ್ಲಿ ನೇಗಿಲು ಹಿಡಿದವನ ಬೆವರೂ ಇದೆ. ಅವನ ಹೆಸರು ಯಾವ ಕಾಲೇಜಿನ ಕಲ್ಲಿನ ಮೇಲೂ ಇಲ್ಲ.

ಜಮೀನಿನ ಈ ನೋವು ನಮ್ಮ ಖಾನಾಪುರ ತಾಲೂಕಿಗೆ ಚೆನ್ನಾಗಿ ಗೊತ್ತು. ಕಿತ್ತೂರು ಬಿದ್ದ ಮೇಲೆ ಸಂಗೊಳ್ಳಿ ರಾಯಣ್ಣನ ಮನೆತನದ ಹೊಲವನ್ನು ಇಂಗ್ಲೀಷರು ಜಪ್ತಿ ಮಾಡಿ, ಉಳಿದುದಕ್ಕೆ ಭಾರೀ ಕಂದಾಯ ಹಾಕಿದರೆಂದು ಹೇಳುತ್ತಾರೆ. ಆತನ ಬಂಡಾಯಗಾರರು 1830ರಲ್ಲಿ ನಮ್ಮ ಬೀಡಿಯ ಸರಕಾರಿ ಕಚೇರಿಯನ್ನೇ ಸುಟ್ಟರು. 1831ರ ಜನೆವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಕಾಗದದ ಮೇಲಿನ ಒಂದು ಗೆರೆಯಿಂದ ಹೊಲ ಹೋಗುತ್ತದೆ ಎಂಬುದನ್ನು ಆ ಕಾಲದ ರೈತ ಕಂಡಿದ್ದ.

ಸಾಲಕ್ಕೆ ಹೊಲ ಕಳಕೊಳ್ಳುವುದೂ ಅದರಷ್ಟೇ ಹಳೆಯ ಕಥೆ. ಅದಕ್ಕಾಗಿಯೇ 1904ರಲ್ಲಿ ಸಹಕಾರಿ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ನಮ್ಮ ಸಂಘ ಆ ಬಳ್ಳಿಯ ಒಂದು ಕಾಯಿ. 1974ರ ಭೂಸುಧಾರಣೆಯಿಂದ ಉಳುವವನೇ ಒಡೆಯನಾದ, ಎಷ್ಟೋ ಮನೆಗಳಿಗೆ ಮೊದಲ ಸಲ ತಮ್ಮ ಹೆಸರಿನ ಉತಾರ ಬಂತು.

ಈಗ ಆ ಉತಾರ ಮತ್ತೆ ಕೈ ಬದಲಾಗುತ್ತಿದೆ. ಒಕ್ಕಲುತನ ಮಾಡದವರು ಹೊಲ ಕೊಳ್ಳದಂತೆ ತಡೆದಿದ್ದ 79ಎ ಮತ್ತು 79ಬಿ ಕಲಮುಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಕೊಳ್ಳುವವರು ದೂರದವರು, ಮಾರುವವ ನಮ್ಮೂರಿನವ. ನಡುವೆ ನಿಂತವನ ಮಾತಿಗೇ ಬೆಲೆ. ಆ ಜಾಗಕ್ಕೆ ಮಾಸ್ತರರು ಬಂದರೆ ಜನ ಬೇಗ ನಂಬುತ್ತಾರೆ. ತಮಗೆ ಕಲಿಸಿದ ಗುರುಗಳು ಅಂದ ಮೇಲೆ ಕಾಗದ ಓದದೆಯೇ ಸಹಿ ಮಾಡುತ್ತಾರೆ! ಇದೇ ದೊಡ್ಡ ಜವಾಬ್ದಾರಿ.

ದಲ್ಲಾಳಿತನ ಪಾಪವೇನಲ್ಲ. ಕೊಳ್ಳುವವನಿಗೂ ಮಾರುವವನಿಗೂ ನಿಜ ಹೇಳಿ, ದುಡಿದ ಕಮಿಷನ್ ತಗೊಂಡರೆ ಅದೂ ಕಾಯಕವೇ. 2016ರ ರೇರಾ ಕಾಯ್ದೆಯೂ ಇದನ್ನೇ ಹೇಳುತ್ತದೆ: ನೋಂದಣಿ ಬೇಕಾದ ಲೇಔಟಿನ ಪ್ಲಾಟು ಮಾರಿಸುವ ದಲ್ಲಾಳಿ ತಾನೂ ನೋಂದಣಿ ಮಾಡಿಸಬೇಕು, ಲೆಕ್ಕದ ಪುಸ್ತಕ ಇಡಬೇಕು, ಸುಳ್ಳು ಭರವಸೆ ಕೊಡಬಾರದು. ಸಾಲಿಗೆ ಕೋಣೆ ಕಟ್ಟಿಸಿದವರನ್ನು ನಾವು ಸನ್ಮಾನಿಸೋಣ, ಬೇಡವೆನ್ನುವುದಿಲ್ಲ. ಆದರೆ ಹೊಲ ಮಾರಿದ ಒಕ್ಕಲಿಗನಿಗೆ ನ್ಯಾಯದ ಬೆಲೆ ಮುಟ್ಟಿತೋ ಇಲ್ಲವೋ ಎಂದೂ ಒಂದು ಸಲ ಕೇಳೋಣ. ಅವನಿಗೆ ಕಡಿಮೆ ಕೊಟ್ಟು ಗುಡಿಗೆ ಹೆಚ್ಚು ಕೊಟ್ಟರೆ ಅದು ದಾನವಾಗದು, ಅವನ ರೊಕ್ಕವನ್ನೇ ನಮ್ಮ ಹೆಸರಿನಲ್ಲಿ ಕೊಟ್ಟಂತೆ.

ಸದಸ್ಯ ಬಾಂಧವರಲ್ಲಿ ಒಂದು ವಿನಂತಿ. ಹೊಲದ ವ್ಯವಹಾರಕ್ಕೆ ಕೂಡುವ ಮುನ್ನ ಉತಾರ, ನಕಾಶೆ, ಋಣಭಾರ ಪತ್ರ ತೆಗೆಸಿರಿ. ಮನೆಯ ಹೆಣ್ಣುಮಕ್ಕಳನ್ನೂ ಕೇಳಿರಿ, 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಅವರಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಓದು ಬಾರದಿದ್ದರೆ ಓದು ಬಲ್ಲ ಮೊಮ್ಮಕ್ಕಳಿಂದ ಓದಿಸಿ ಆಮೇಲೆ ಹೆಬ್ಬೆಟ್ಟು ಒತ್ತಿರಿ. ಬೆಳಗಾವಿಯ ಆ ಹಳೆಯ ಮಾಸ್ತರರು ಸಾಲಿ ಕಟ್ಟಿದ್ದು ನಮ್ಮ ಮಕ್ಕಳು ಇಷ್ಟಾದರೂ ಓದಲಿ ಎಂದೇ.