ಶಸ್ತ್ರಚಿಕಿತ್ಸಾಪೂರ್ವ ವಾಡಿಕೆ ಪರೀಕ್ಷೆಗಳು

ಮೊದಲೇ ದಿನ ಗೊತ್ತುಮಾಡಿಕೊಂಡು ನಡೆಸುವ ಶಸ್ತ್ರಚಿಕಿತ್ಸೆಗೆ ಮುನ್ನ, ಕಾಯಿಲೆಯ ಸುಳಿವಿರಲಿ ಇಲ್ಲದಿರಲಿ, ಎಲ್ಲ ರೋಗಿಗಳಿಗೂ ಒಂದೇ ಪಟ್ಟಿಯಂತೆ ಮಾಡಿಸುವ ರಕ್ತಪರೀಕ್ಷೆ, ಮೂತ್ರಪರೀಕ್ಷೆ, ಇಸಿಜಿ, ಎದೆಯ ಎಕ್ಸ್‌ರೇ ಮುಂತಾದ ತಪಾಸಣೆಗಳು. ಇವುಗಳಿಂದ ರೋಗಿಗೆ ಆಗುವ ಪ್ರಯೋಜನವೆಷ್ಟು ಎಂಬ ಪ್ರಶ್ನೆಗೆ ಅತ್ಯಂತ ಸ್ಪಷ್ಟ ಉತ್ತರ ಸಿಕ್ಕಿರುವುದು ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯಲ್ಲಿ.

ಹಿನ್ನೆಲೆ

1846ರಲ್ಲಿ ಬೋಸ್ಟನ್ ನಗರದಲ್ಲಿ ಈಥರ್ ಅರಿವಳಿಕೆಯ ಪ್ರಯೋಗ ಯಶಸ್ವಿಯಾಯಿತು. 1848ರಲ್ಲಿ ಇಂಗ್ಲೆಂಡಿನ ಹದಿನೈದರ ಹುಡುಗಿ ಹ್ಯಾನಾ ಗ್ರೀನರ್, ಕಾಲ್ಬೆರಳಿನ ಉಗುರು ತೆಗೆಸಲು ಕ್ಲೋರೋಫಾರಂ ಪಡೆದು ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ರೋಗಿ ಅರಿವಳಿಕೆಯನ್ನು ತಾಳಿಕೊಳ್ಳುವನೇ ಎಂಬುದನ್ನು ಮೊದಲೇ ತಿಳಿಯಬೇಕೆಂಬ ಕಾಳಜಿಗೆ ಇಂಥ ಸಾವುಗಳೇ ಕಾರಣ. 1941ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರು ರೋಗಿಗಳನ್ನು ದೇಹಸ್ಥಿತಿಗೆ ತಕ್ಕಂತೆ ವರ್ಗೀಕರಿಸಿದರು. ಪ್ರಯೋಗಾಲಯದ ಅಂಕಿಗಳಿಗಿಂತ ರೋಗಿಯ ಆರೋಗ್ಯದ ಒಟ್ಟು ಸ್ಥಿತಿಯೇ ಅದಕ್ಕೆ ಆಧಾರವಾಗಿತ್ತು.

ಲಿಯೊನಾರ್ಡ್ ಸ್ಕೆಗ್ಸ್ ರೂಪಿಸಿದ ಸ್ವಯಂಚಾಲಿತ ರಕ್ತ ವಿಶ್ಲೇಷಕ 1957ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಒಂದೇ ಮಾದರಿಯಿಂದ ಹಲವು ಫಲಿತಾಂಶ ಪಡೆಯುವುದು ಸುಲಭವೂ ಅಗ್ಗವೂ ಆಗುತ್ತ ಬಂತು. ಪರೀಕ್ಷೆಗಳ ಪಟ್ಟಿ ಬೆಳೆಯಿತು.

ಮರುಪರಿಶೀಲನೆ

ಆರೋಗ್ಯವಂತರಲ್ಲಿ ಶೇ. 95 ಮಂದಿಯ ಫಲಿತಾಂಶ ಬೀಳುವ ವ್ಯಾಪ್ತಿಯನ್ನೇ ಸಾಮಾನ್ಯವಾಗಿ 'ನಾರ್ಮಲ್' ಎಂದು ಗುರುತಿಸುತ್ತಾರೆ. ಹಾಗಾಗಿ ಒಬ್ಬ ಆರೋಗ್ಯವಂತನಿಗೆ ಪರಸ್ಪರ ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಒಂದಾದರೂ ಹೆಚ್ಚುಕಡಿಮೆ ತೋರಿಸುವ ಸಂಭವ ಸುಮಾರು ಶೇ. 64. ಅದರ ಬೆನ್ನುಹತ್ತಿ ಮತ್ತಷ್ಟು ಪರೀಕ್ಷೆ, ಖರ್ಚು, ಆತಂಕ. ಆಪರೇಷನ್ನೂ ಮುಂದಕ್ಕೆ ಹೋಗುತ್ತದೆ.

1985ರಲ್ಲಿ ಕಪ್ಲನ್ ಮತ್ತು ಸಹೋದ್ಯೋಗಿಗಳು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2,000 ರೋಗಿಗಳ ದಾಖಲೆ ಪರಿಶೀಲಿಸಿದರು. ಶೇ. 60ರಷ್ಟು ವಾಡಿಕೆ ಪರೀಕ್ಷೆಗಳಿಗೆ ವೈದ್ಯಕೀಯ ಕಾರಣವೇ ಇರಲಿಲ್ಲ. ಅಂಥವುಗಳಲ್ಲಿ ಚಿಕಿತ್ಸೆಯನ್ನು ಬದಲಿಸಬಹುದಾದ ದೋಷ ಕಂಡದ್ದು ಶೇ. 0.22ರಲ್ಲಿ ಮಾತ್ರ.

ನಿರ್ಣಾಯಕ ಅಧ್ಯಯನ 2000ದ ಜನವರಿಯಲ್ಲಿ ಪ್ರಕಟವಾಯಿತು. ಆಲಿವರ್ ಶೈನ್ ಮತ್ತು ಸಂಗಡಿಗರು ಸುಮಾರು 19,000 ಪೊರೆ ಶಸ್ತ್ರಚಿಕಿತ್ಸೆಗಳನ್ನು ಎರಡು ಗುಂಪು ಮಾಡಿದರು. ಒಂದರಲ್ಲಿ ಎಲ್ಲರಿಗೂ ಇಸಿಜಿ, ರಕ್ತಪರೀಕ್ಷೆ. ಇನ್ನೊಂದರಲ್ಲಿ ಹೊಸ ತೊಂದರೆ ಕಂಡವರಿಗೆ, ಹಳೆಯದು ಉಲ್ಬಣಿಸಿದವರಿಗೆ ಮಾತ್ರ. ಸಾವಿರ ಶಸ್ತ್ರಚಿಕಿತ್ಸೆಗಳಲ್ಲಿ ತಲೆದೋರಿದ ವೈದ್ಯಕೀಯ ತೊಡಕುಗಳು ಎರಡೂ ಗುಂಪಿನಲ್ಲಿ 31.3. ಬ್ರಿಟನ್ನಿನ ನೈಸ್ ಸಂಸ್ಥೆ 2003ರಲ್ಲಿ ಪರೀಕ್ಷೆಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿ 2016ರಲ್ಲಿ ಪರಿಷ್ಕರಿಸಿತು.

ಕರ್ನಾಟಕದಲ್ಲಿ

ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ (1916–2005) ಊರೂರಿನಲ್ಲಿ ಉಚಿತ ಶಿಬಿರ ನಡೆಸಿ ಪೊರೆ ಶಸ್ತ್ರಚಿಕಿತ್ಸೆಯನ್ನು ಬಡವರ ಬಳಿಗೆ ಒಯ್ದರು. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಅವರ ಹೆಸರಿನ ಕಣ್ಣಾಸ್ಪತ್ರೆಯಿದೆ. ಡಾ. ಕೆ. ಭುಜಂಗ ಶೆಟ್ಟಿ 1982ರಲ್ಲಿ ಸ್ಥಾಪಿಸಿದ ನಾರಾಯಣ ನೇತ್ರಾಲಯದ ರಾಜಾಜಿನಗರದ ಆಸ್ಪತ್ರೆಯೂ ಇದೇ ಭಾಗದ್ದು.

ಶೈನ್ ತಂಡದ ಅಧ್ಯಯನ ನಡೆದದ್ದು ಅಮೆರಿಕ, ಕೆನಡಾಗಳಲ್ಲಿ; ಅದರ ಫಲಿತಾಂಶವನ್ನು ಇಲ್ಲಿ ಅನ್ವಯಿಸುವಾಗ ಎಚ್ಚರ ಬೇಕು. ಹಳ್ಳಿಯಿಂದ ಬರುವ ಹಿರಿಯರಲ್ಲಿ ಹಲವರಿಗೆ ಬಿಪಿ, ಸಕ್ಕರೆ ಕಾಯಿಲೆ ಇರುವುದು ಮೊದಲು ಗೊತ್ತಾಗುವುದೇ ಆಪರೇಷನ್ನಿಗೆ ಬಂದಾಗ. ಆದ್ದರಿಂದ ಬಿಪಿ ನೋಡುವುದು, ಬೆರಳು ಚುಚ್ಚಿ ಸಕ್ಕರೆ ಅಳೆಯುವುದು ಅನಗತ್ಯವೆನ್ನಲಾಗದು. ಕಣ್ಣಿಗೇ ಸಂಬಂಧಿಸಿದ ತಪಾಸಣೆಗಳ ಮಾತು ಬೇರೆ. ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒತ್ತಿ ಕೀವು ಬರುವುದೇ ಎಂದು ನೋಡುತ್ತಾರೆ. ಕಣ್ಣೀರಿನ ನಾಳಕ್ಕೆ ಸಿರಿಂಜಿನಿಂದ ಉಪ್ಪುನೀರು ಹಾಯಿಸಿ ಅದು ಗಂಟಲಿಗೆ ಇಳಿಯಿತೇ ಎಂದು ಕೇಳುತ್ತಾರೆ. ಕೀವು ಬಂದರೆ ಮೊದಲು ಅದಕ್ಕೆ ಚಿಕಿತ್ಸೆ, ಆಮೇಲೆ ಪೊರೆ. ಕಣ್ಣಿನೊಳಗೆ ಸೋಂಕು ಹೊಕ್ಕರೆ ದೃಷ್ಟಿಯೇ ಹೋಗಬಹುದು.

ಪಟ್ಟಿಯಲ್ಲಿ ಎಚ್‌ಐವಿ ಪರೀಕ್ಷೆ ಇದ್ದರೆ ರೋಗಿಗೆ ವಿವರಿಸಿ ಒಪ್ಪಿಗೆ ಪಡೆಯುವುದನ್ನು 2017ರ ಕೇಂದ್ರ ಕಾನೂನು ಕಡ್ಡಾಯಗೊಳಿಸಿದೆ.

ಮೌಲ್ಯಮಾಪನ

ಹೃದಯ, ಸೊಂಟದ ಕೀಲುಗಳಂಥ ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ, ಹೃದ್ರೋಗ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಸೂಕ್ತ ಪರೀಕ್ಷೆಗಳು ಬೇಕೇ ಬೇಕು. ಅವನ್ನು ರೋಗಿ ತಾನಾಗಿ ಬಿಡುವುದು ಅಪಾಯಕರ. ಆದರೆ ಕಾರಣವಿಲ್ಲದ ಪಟ್ಟಿ ಸುರಕ್ಷತೆಯನ್ನು ಹೆಚ್ಚಿಸುವುದಿಲ್ಲ. ಹಿಂದಿನ ಕಾಯಿಲೆ, ಈಗಿನ ಮಾತ್ರೆ, ಅಲರ್ಜಿ, ಮೆಟ್ಟಿಲು ಹತ್ತುವಾಗ ಏದುಸಿರು ಬರುವುದೇ ಎಂಬ ವಿಚಾರಣೆ ಮೊದಲು ನಡೆಯಬೇಕು. ಯಾವ ಪರೀಕ್ಷೆ ಬೇಕೆಂಬುದನ್ನು ಅದರ ಉತ್ತರಗಳೇ ನಿರ್ಧರಿಸಬೇಕು.