ಜಯನಗರ ಕಡಲನ್ನು ಆರಿಸಿಕೊಂಡ ಬಗೆ

ಜಯನಗರ ಬಡಾವಣೆಗೆ 1948ರಲ್ಲಿ ಅಡಿಪಾಯ ಬಿದ್ದಾಗ ಅದು ಸೇರಿದ್ದ ಮೈಸೂರು ಸೀಮೆಗೆ ಒಂದು ಗೇಣು ಕರಾವಳಿಯೂ ಇರಲಿಲ್ಲ. 1763ರಲ್ಲಿ ಕೆಳದಿಯನ್ನು ಗೆದ್ದ ಹೈದರಲಿ ಮಂಗಳೂರು ತೀರವನ್ನು ಮೈಸೂರಿಗೆ ಸೇರಿಸಿಕೊಂಡಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ತೀರವನ್ನು ತಾವಿಟ್ಟುಕೊಂಡು ಘಟ್ಟದ ಮೇಲಿನ ನೆಲವನ್ನಷ್ಟೇ ಒಡೆಯರಿಗೆ ಬಿಟ್ಟರು. ಮುಂದೆ ಆ ತೀರದ ಕನ್ನಡ ಜಿಲ್ಲೆಯೇ ಎರಡು ಹೋಳಾಗಿ, 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣದ್ದು ಮದ್ರಾಸಿನಲ್ಲೇ ಉಳಿಯಿತು. ಮೈಸೂರಿಗೂ ಒಂದು ಬಂದರು ಬೇಕೆಂದು ವಿಶ್ವೇಶ್ವರಯ್ಯನವರು ಭಟ್ಕಳದ ಮೇಲೆ ಕಣ್ಣಿಟ್ಟಿದ್ದರು. ಅದು ಕೈಗೂಡಲಿಲ್ಲ. ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ನಮ್ಮ ಕಡೆಯವರು ಸಮುದ್ರವಿಲ್ಲದೆ ಬದುಕಿದವರು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಾನು ಬ್ಯಾಂಕಿನಲ್ಲಿದ್ದಷ್ಟು ಕಾಲವೂ ಸಿಬ್ಬಂದಿಯ ರಜಾ ಪ್ರವಾಸದ ಬಿಲ್ಲುಗಳು ನನ್ನ ಮೇಜಿನ ಮೇಲೆ ಹಾದುಹೋಗುತ್ತಿದ್ದವು. ನಿವೃತ್ತಿಯಾದ ಮೇಲೂ ನಾಲ್ಕನೇ ಟಿ ಬ್ಲಾಕಿನ ಪಾರ್ಕಿನಲ್ಲಿ ಬೆಳಗಿನ ನಡಿಗೆಗೆ ಬರುವವರು ದೀಪಾವಳಿ ಕಳೆದೊಡನೆ ನನ್ನನ್ನೇ ಕೇಳುತ್ತಾರೆ: ಮಗಳು ಅಳಿಯ ಬರ್ತಿದ್ದಾರೆ, ಮೊಮ್ಮಕ್ಕಳಿಗೆ ಬೀಚ್ ತೋರಿಸಬೇಕು, ಬಾಲಿನಾ, ಮಾಲ್ಡೀವ್ಸಾ, ಅಂಡಮಾನಾ? ಗೋಕರ್ಣವೋ ಕಾರವಾರವೋ ಎಂದು ಯಾರೂ ಕೇಳುವುದಿಲ್ಲ. ಅವು ಎಲ್ಲಿಗೂ ಹೋಗಲಾಗದವರು ಹೋಗುವ ಜಾಗಗಳು ಎಂಬಂತೆ ಮಾತು ಅಲ್ಲಿಂದ ಜಾರಿಬಿಡುತ್ತದೆ. ದಕ್ಷಿಣ ಬೆಂಗಳೂರಿನ ಮನೆಗಳು ಕಡಲನ್ನು ಹೇಗೆ ಆರಿಸಿಕೊಂಡವು ಎಂಬುದು ನನಗೆ ತಿಳಿದಿರುವುದರಿಂದಲೇ ಈ ಮಾತು ನೋಯಿಸುತ್ತದೆ.

ನಮ್ಮ ಹಿರಿಯರಿಗೆ ಸಮುದ್ರವಿದ್ದದ್ದು ಪಶ್ಚಿಮದಲ್ಲಲ್ಲ, ಪೂರ್ವದಲ್ಲಿ. 1864ರಲ್ಲೇ ಬೆಂಗಳೂರು ದಂಡು ಪ್ರದೇಶದಿಂದ ಜೋಲಾರ್‌ಪೇಟೆಗೆ ರೈಲು ಬಂದಿತ್ತು, ಅಲ್ಲಿಂದ ಮದ್ರಾಸು ನೇರ. ಹಾಗಾಗಿ ಹಳೆಯ ಮೈಸೂರಿನವರು ಮೊದಲು ಕಂಡ ಅಲೆ ಮರೀನಾದ್ದು. ಮದ್ರಾಸಿನಲ್ಲಿ ಪರೀಕ್ಷೆ, ಕೋರ್ಟು ಕೆಲಸ, ಕಣ್ಣಿನ ಆಸ್ಪತ್ರೆ ಮುಗಿಸಿ ಸಂಜೆ ಮರಳಿನ ಮೇಲೆ ಒಂದು ಗಂಟೆ ಕೂತು ಬರುವುದೇ ಸಮುದ್ರ ನೋಡುವುದು. ಮಂಗಳೂರಿಗೂ 1907ರಲ್ಲೇ ರೈಲು ಬಂದಿತ್ತು, ಆದರೆ ಮದ್ರಾಸಿನ ಕಡೆಯಿಂದ. ಬೆಂಗಳೂರಿನವರು ರೈಲಿನಲ್ಲೇ ಮಂಗಳೂರಿಗೆ ಹೋಗಬೇಕಾದರೆ ಜೋಲಾರ್‌ಪೇಟೆ, ಸೇಲಂ, ಷೊರನೂರು, ಕಾಸರಗೋಡು ಎಂದು ಅರ್ಧ ದಕ್ಷಿಣ ಭಾರತವನ್ನು ಸುತ್ತಬೇಕಿತ್ತು. 1964ರಲ್ಲಿ ಬೃಂದಾವನ ಎಕ್ಸ್‌ಪ್ರೆಸ್ ಓಡಲು ಶುರುವಾದ ಮೇಲಂತೂ ಮದ್ರಾಸು ಇನ್ನಷ್ಟು ಹತ್ತಿರವಾಯಿತು.

ಇನ್ನೊಂದು ಕಡಲು ರಾಮೇಶ್ವರದ್ದು. ಅದು ವಿಹಾರದ್ದಲ್ಲ, ಸ್ನಾನದ್ದು. ನಮ್ಮತ್ತೆ ಹೇಳುತ್ತಿದ್ದರು: "ಹುಣ್ಣಿಮೆ ಅಮಾವಾಸ್ಯೆ ಬಿಟ್ಟು ಸಮುದ್ರ ಮುಟ್ಟಬಾರದು ಕಣಮ್ಮ, ದೂರದಿಂದ ಕೈ ಮುಗೀಬೇಕು." ಅವರಿಗೆ ಅಲೆಯಲ್ಲಿ ಆಡುವುದು ಎಂಬ ಕಲ್ಪನೆಯೇ ಇರಲಿಲ್ಲ. ಸಂಕಲ್ಪ ಮಾಡಿ ಮೂರು ಮುಳುಗು ಹಾಕಿ, ಒದ್ದೆ ಸೀರೆಯಲ್ಲೇ ಅರ್ಘ್ಯ ಬಿಟ್ಟು ಮೇಲೆ ಬರುವುದು. ಇದು ಬರೀ ಮಡಿಯ ಮಾತೆಂದು ನಾನು ಎಂದೂ ತಿಳಿದಿಲ್ಲ. ಈಜು ಬಾರದ, ಕೆರೆ ನೀರಷ್ಟೇ ಕಂಡ ಒಳನಾಡಿನ ಜನರನ್ನು ಕಡಲಿನಿಂದ ಒಂದು ಅಂತರದಲ್ಲಿ ಇಟ್ಟು ಕಾಪಾಡಿದ ಕಟ್ಟಳೆ ಅದು.

ರಾಜ್ಯಗಳ ಮರುವಿಂಗಡಣೆಯಾದ 1956ರ ನವೆಂಬರ್ 1ರಂದು ಒಂದೇ ದಿನದಲ್ಲಿ ನಮಗೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಕರಾವಳಿ ಬಂತು. ಅದೇ ದಿನ ಕೆಲವು ಕೈತಪ್ಪಿದವು. ಕೆಳದಿಯ ಶಿವಪ್ಪನಾಯಕನ ಬೇಕಲ ಕೋಟೆ, ಅದರ ಬುಡದ ಚೆಂದದ ಮರಳತೀರ ಕಾಸರಗೋಡಿನೊಂದಿಗೆ ಕೇರಳಕ್ಕೆ ಸೇರಿದವು. ಮತ್ತೊಂದು ಸಂಗತಿ ಈಗ ಬಹುಪಾಲು ಜನರಿಗೆ ಮರೆತೇ ಹೋಗಿದೆ. ಇವತ್ತು ಲಕ್ಷದ್ವೀಪ ಎನ್ನುವ ದ್ವೀಪಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಇವಿಷ್ಟೂ ಒಮ್ಮೆ ಟಿಪ್ಪುವಿನ ಆಳ್ವಿಕೆಯಲ್ಲಿದ್ದು, 1799ರ ನಂತರ ಕಂಪನಿಯ ಕೈಸೇರಿ, ಆಮೇಲೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಮಂಗಳೂರಿನ ಕಲೆಕ್ಟರರ ಅಧೀನದಲ್ಲಿದ್ದ ಆ ಹವಳದ ದಿಬ್ಬಗಳು 1956ರ ನವೆಂಬರಿನಲ್ಲೇ ಕೇಂದ್ರಾಡಳಿತಕ್ಕೆ ಹೋದವು. ಈಗ ಅಲ್ಲಿಗೆ ಹೋಗಿಬಂದು ಫೋಟೋ ತೋರಿಸುವ ನೆರೆಹೊರೆಯವರಿಗೆ ಇದನ್ನು ಹೇಳಿದರೆ ಬೆರಗಾಗುತ್ತಾರೆ.

ಕರಾವಳಿ ನಮ್ಮದಾದರೂ ನಾವು ಅಲ್ಲಿಗೆ ಹೋಗುವ ಮೊದಲು ಅಲ್ಲಿನವರು ನಮ್ಮಲ್ಲಿಗೆ ಬಂದಿದ್ದರು. 1924ರಲ್ಲಿ ಹೋಟೆಲು ತೆರೆದ ಎಂಟಿಆರ್‌ನ ಮಯ್ಯರು ಪಾರಂಪಳ್ಳಿಯವರು, 1943ರಲ್ಲಿ ವಿದ್ಯಾರ್ಥಿ ಭವನ ತೆರೆದ ಉರಾಳರು ಸಾಲಿಗ್ರಾಮದವರು. ಎರಡೂ ಉಡುಪಿ ಕುಂದಾಪುರಗಳ ನಡುವಿನ, ಕಡಲಿನಿಂದ ಕೂಗಳತೆಯ ಊರುಗಳು. ಪೇಜಾವರ ಮಠದ ವಿಶ್ವೇಶತೀರ್ಥರು ಕತ್ರಿಗುಪ್ಪೆಯಲ್ಲಿ ಪೂರ್ಣಪ್ರಜ್ಞ ವಿದ್ಯಾಪೀಠ ಕಟ್ಟಿದ್ದೂ 1956ರಲ್ಲಿ. ಬ್ಯಾಂಕುಗಳ ಕಥೆಯೂ ಅದೇ. ಕೆನರಾ ಮತ್ತು ವಿಜಯ ಬ್ಯಾಂಕು ಮಂಗಳೂರಿನಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕು ಉಡುಪಿಯಲ್ಲಿ ಹುಟ್ಟಿದವು. ಅವುಗಳ ಶಾಖೆಗಳು ಜಯನಗರ, ಬನಶಂಕರಿಯಲ್ಲಿ ತೆರೆದಂತೆ ಶೆಣೈ, ಶೆಟ್ಟಿ, ಪೈ, ಹೆಗಡೆಯವರು ನಮ್ಮ ಪಕ್ಕದ ಕುರ್ಚಿಗೆ ಬಂದರು. ಯಾವ ಊರಿನ ಕಡಲು ಚೆನ್ನ, ಯಾವುದು ಮೋಸದ್ದು ಎಂಬ ತಿಳುವಳಿಕೆ ನಮಗೆ ಬಂದದ್ದು ಮಧ್ಯಾಹ್ನದ ಬುತ್ತಿಯ ಜೊತೆ.

ಆಗ ಘಟ್ಟ ಇಳಿಯುವ ಪ್ರವಾಸಕ್ಕೆ ಒಂದು ಕಟ್ಟು ಇತ್ತು. ಬೇಸಿಗೆ ರಜೆಗೆ ಮುಂಚಿತವಾಗಿಯೇ ಬೀದಿಯ ನಾಲ್ಕೈದು ಮನೆಯವರು ಸೇರಿ ಬಸ್ಸೋ ವ್ಯಾನೋ ಗೊತ್ತುಮಾಡುವುದು. ಶಿರಾಡಿಯೋ ಚಾರ್ಮಾಡಿಯೋ ಇಳಿದು ಸುಬ್ರಹ್ಮಣ್ಯ, ಧರ್ಮಸ್ಥಳ, ಉಡುಪಿ, ಕೊಲ್ಲೂರು. ದಾರಿಗೆ ಚಪಾತಿ, ಚಟ್ನಿಪುಡಿ, ಪುಳಿಯೋಗರೆ. ಕಡಲಿಗೆ ಪಟ್ಟಿಯಲ್ಲಿ ಬೇರೆ ಹೆಸರೇ ಇರುತ್ತಿರಲಿಲ್ಲ. ಉಡುಪಿಯಲ್ಲಿ ಕೃಷ್ಣನ ದರ್ಶನ, ಊಟ ಆದ ಮೇಲೆ ಹೊತ್ತಿದ್ದರೆ ಮಲ್ಪೆ. ಗಂಡಸರು ಪಂಚೆ ಎತ್ತಿ ಮೊಣಕಾಲವರೆಗೆ, ಹೆಂಗಸರು ಪಾದದವರೆಗೆ, ಮಕ್ಕಳು ಕೈ ಹಿಡಿದಷ್ಟು ದೂರ. ಮೀನು ಒಣಗಿಸಿದ ವಾಸನೆಗೆ ನಮ್ಮ ಬ್ರಾಹ್ಮಣರ ಮನೆಯವರು ಮೂಗು ಮುಚ್ಚಿಕೊಳ್ಳುತ್ತಿದ್ದುದು ಈಗ ನೆನೆದರೆ ಚೆನ್ನಾಗಿ ಕಾಣುವುದಿಲ್ಲ. ಆ ಮರಳು ಮೀನುಗಾರರ ಕಣ, ಅವರ ಅಂಗಡಿ. ಹತ್ತಾರು ಜನ ಸಾಲಾಗಿ ನಿಂತು ಹಗ್ಗ ಜಗ್ಗಿ ರಂಪಣಿ ಬಲೆ ಎಳೆಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎಪ್ಪತ್ತರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದು ಆ ಕಸುಬನ್ನು ಮೂಲೆಗೆ ತಳ್ಳಿದವು.

ಗೋಕರ್ಣದ ಕಥೆಯನ್ನು ಬೆಂಗಳೂರಿನ ಮನೆಮನೆಗೆ ಮುಟ್ಟಿಸಿದ್ದು 1958ರ ‘ಭೂಕೈಲಾಸ’ ಚಿತ್ರ. ರಾಜಕುಮಾರ್ ರಾವಣನಾಗಿ ಆತ್ಮಲಿಂಗ ಹಿಡಿದು ಬರುವ ಆ ಸಿನಿಮಾ ತಯಾರಾದದ್ದು ಮದ್ರಾಸಿನ ಎವಿಎಂನಲ್ಲಿ. ಕಥೆ ಬಂದರೂ ದಾರಿ ಬಂದಿರಲಿಲ್ಲ. ಉತ್ತರ ಕನ್ನಡದ ತೀರವನ್ನು ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ತುಂಡು ತುಂಡಾಗಿ ಕಡಿಯುತ್ತವೆ. ಸೇತುವೆ ಇಲ್ಲದ ಕಡೆ ವಾಹನ ಇಳಿದು ದೋಣಿಗೆ ಕಾಯಬೇಕು. ಕಾರವಾರದ ಕಾಳಿ ಸೇತುವೆ ಬಂದದ್ದು ಎಂಬತ್ತರ ದಶಕದ ಮೊದಲಿನಲ್ಲಿ. ಅದು 2024ರ ಆಗಸ್ಟ್ 7ರಂದು ಕುಸಿದುಬಿತ್ತು. 1883ರ ಸುಮಾರಿಗೆ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದ ತರುಣ ರವೀಂದ್ರನಾಥ ಟಾಗೋರರು ಕಾರವಾರದ ತೀರಕ್ಕೆ ಮನಸೋತು ಅಲ್ಲೇ ನಾಟಕವನ್ನೂ ಬರೆದರು. ಬಂಗಾಳದ ಕವಿಗೆ ಸಿಕ್ಕಿದ ಕಡಲು ಮೈಸೂರಿನವರಿಗೆ ಸಿಗಲು ಇನ್ನೂ ನೂರು ವರ್ಷ ಹಿಡಿಯಿತು.

ಈ ನಡುವೆ ರಜಾ ಪ್ರವಾಸದ ಸವಲತ್ತು ನಮ್ಮ ಆಯ್ಕೆಯನ್ನು ಬೇರೆ ಕಡೆ ತಿರುಗಿಸಿತು. ನನ್ನ ಮೇಜಿಗೆ ಬರುತ್ತಿದ್ದ ಅರ್ಜಿಗಳಲ್ಲಿ ಲೆಕ್ಕ ಒಂದೇ: ಬ್ಯಾಂಕು ರೈಲು ಚಾರ್ಜು ಕೊಡುವಾಗ ಹತ್ತಿರದ ಊರಿಗೇಕೆ ಹೋಗಬೇಕು? ಕನ್ಯಾಕುಮಾರಿ, ಪುರಿ, ದ್ವಾರಕೆ. 1970ರಲ್ಲಿ ವಿವೇಕಾನಂದ ಶಿಲಾ ಸ್ಮಾರಕ ಆದ ಮೇಲೆ ಕನ್ಯಾಕುಮಾರಿಗೆ ಹೋಗದ ಗುಮಾಸ್ತರಿರಲಿಲ್ಲ. ದೇವರೂ ಉಂಟು, ಕಡಲೂ ಉಂಟು, ದೂರವೂ ಉಂಟು. ಹತ್ತಿರದ್ದು ಅಗ್ಗ, ದೂರದ್ದು ಘನ ಎಂಬ ಭಾವನೆ ನಮ್ಮ ಮನೆಗಳಲ್ಲಿ ಬೇರುಬಿಟ್ಟದ್ದು ಆಗಲೇ. ಇವತ್ತು ಬಾಲಿ, ಫುಕೆಟ್ ಎನ್ನುವವರಲ್ಲೂ ನನಗೆ ಕಾಣುವುದು ಅದೇ ಹಳೆಯ ಬಿಲ್ಲಿನ ಲೆಕ್ಕ.

ರೈಲು ನಿಧಾನವಾಗಿ ಬಂತು. 1979ರಲ್ಲಿ ಹಾಸನ ಮಂಗಳೂರು ಮೀಟರ್ ಗೇಜ್ ಸಾಲು ತೆರೆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ 57 ಸುರಂಗ. 1996ರಲ್ಲಿ ಗೇಜು ಬದಲಿಸಲೆಂದು ಮುಚ್ಚಿದ ಆ ಸಾಲಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ, 1998ರ ಜನವರಿ 26ರಂದು, ಕೊಂಕಣ ರೈಲು ಪೂರ್ತಿಯಾಗಿ ತೆರೆದು ಕರಾವಳಿಯ ಊರುಗಳನ್ನೆಲ್ಲ ಪೋಣಿಸಿತ್ತು. 2020ರಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಬಂದು ಬೆಂಗಳೂರಿನಲ್ಲಿ ರಾತ್ರಿ ಮಲಗಿದವರು ಬೆಳಿಗ್ಗೆ ಕುಂದಾಪುರ, ಕುಮಟಾ, ಕಾರವಾರದಲ್ಲಿ ಏಳುವಂತಾಯಿತು.

ದಾರಿ ತೆರೆಯುತ್ತಿದ್ದಂತೆ ಕಡಲಿಗೆ ಹೋಗುವವರೂ ಬದಲಾದರು. ಗೋವಾದ ಗದ್ದಲ ಬೇಸರವಾಗಿ ದಕ್ಷಿಣಕ್ಕೆ ಸರಿದ ವಿದೇಶಿಯರು ಗೋಕರ್ಣದ ಕುಡ್ಲೆ, ಓಂ ತೀರಗಳಲ್ಲಿ ತಿಂಗಳುಗಟ್ಟಲೆ ಉಳಿದರು; ಅವರ ಹಿಂದೆ ಬಿಟಿಎಂ ಬಡಾವಣೆಯ ಪೇಯಿಂಗ್ ಗೆಸ್ಟ್ ಮನೆಗಳ ಹುಡುಗ ಹುಡುಗಿಯರು ಶುಕ್ರವಾರ ರಾತ್ರಿಯ ಬಸ್ಸು, ಟೆಂಪೋ ಟ್ರಾವೆಲರ್ ಹತ್ತಿದರು. ಕೋಟಿತೀರ್ಥ ನೋಡದೆ ಗೋಕರ್ಣದಿಂದ ಮರಳುವವರು ಇರಬಹುದೆಂದು ನಮ್ಮತ್ತೆ ನಂಬುತ್ತಿರಲಿಲ್ಲ. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಕಡಲನ್ನು ಕಡಲಿಗಾಗಿಯೇ ನೋಡಲು ಹೋದ ಮೊದಲ ಬೆಂಗಳೂರಿಗರು ಈ ಮಕ್ಕಳು.

ಆದರೆ ಹಳಬರಿಗಿದ್ದ ಒಂದು ಎಚ್ಚರ ಇವರ ಕೈಗೆ ದಾಟಲಿಲ್ಲ. ಕುಂದಾಪುರದ ನನ್ನ ಸಹೋದ್ಯೋಗಿ ಪ್ರತಿ ವರ್ಷ ಹೇಳುತ್ತಿದ್ದರು: "ಮೇ ಕಳೆದ ಮೇಲೆ ಕಡಲಿಗೆ ಬರ್ಬೇಡಿ ಮಾರಾಯ್ರೆ, ನಾವೇ ಇಳಿಯೋದಿಲ್ಲ." ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ನಿಷೇಧ. ನೂಲ ಹುಣ್ಣಿಮೆಯ ಹೊತ್ತಿಗೆ ತೆಂಗಿನಕಾಯಿ ಬಿಟ್ಟು ಸಮುದ್ರಪೂಜೆ ಮಾಡಿ ಮೀನುಗಾರರು ಮತ್ತೆ ನೀರಿಗಿಳಿಯುತ್ತಾರೆ. ನಮ್ಮವರು ಮಳೆಗಾಲದಲ್ಲೇ ‘ಆಫ್ ಸೀಸನ್’ ರಿಯಾಯಿತಿ ಹುಡುಕಿ ಹೊರಡುತ್ತಾರೆ. ಒಳ್ಳೆಯ ಕಾಲದಲ್ಲೂ ಮೈಮರೆಯುವಂತಿಲ್ಲ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ಕು ಹೆಣ್ಣುಮಕ್ಕಳು ಮುರ್ಡೇಶ್ವರದಲ್ಲಿ ನೀರುಪಾಲಾದರು. ಕೆರೆಯ ಸೀಮೆಯ ಮಕ್ಕಳು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ತೀರ ಯಾರದು ಎಂಬ ಪ್ರಶ್ನೆಯೂ ಇದೆ. ಕಾರವಾರದ ಪಕ್ಕದ ಅರ್ಗಾ, ಬಿಣಗಾ ಒಂದು ಕಾಲಕ್ಕೆ ತೆರೆದ ಸುಂದರ ಕೊಲ್ಲಿಗಳು. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗಾಗಿ ಅಲ್ಲಿನವರು ಮನೆ ಮಠ ಬಿಟ್ಟರು. 2020ರ ಜನವರಿಯಲ್ಲಿ ಟಾಗೋರ್ ತೀರದ ಬಳಿ ಬಂದರು ವಿಸ್ತರಣೆ ಶುರುವಾದಾಗ ಮೀನುಗಾರರು ಬೀದಿಗಿಳಿದು ತಡೆದರು. ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಪಡುಬಿದ್ರಿಯ ಜೊತೆ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಅದೇ ಊರಿನ ಟೊಂಕದಲ್ಲಿ, ಕಡಲಾಮೆ ಮೊಟ್ಟೆಯಿಡುವ ಮರಳಿನಲ್ಲಿ, ಖಾಸಗಿ ಬಂದರಿನ ವಿರುದ್ಧ ಮೀನುಗಾರರ ಹೋರಾಟ ನಡೆದಿದೆ. ನಾವು ರಜೆಗೆ ಹೋಗಿ ಹೊಗಳುವ ತೀರ ಉಳಿದಿರುವುದು ಅವರು ಕಾದುಕೊಂಡದ್ದರಿಂದ.

ಪಾರ್ಕಿನಲ್ಲಿ ಕೇಳುವವರಿಗೆ ನಾನು ಹೇಳುವುದು ಇಷ್ಟು. ಡಿಸೆಂಬರಿಗೂ ಶಿವರಾತ್ರಿಗೂ ನಡುವೆ ಹೊರಡಿ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ಹೆದ್ದಾರಿ. ಅದನ್ನು ನಿಂತು ನೋಡಿ, ನೀರಿಗಿಳಿಯಬೇಡಿ. ಮಕ್ಕಳಿದ್ದರೆ ಜೀವರಕ್ಷಕರಿರುವ ಕಾಸರಕೋಡು, ಪಡುಬಿದ್ರಿಗೆ ಹೋಗಿ. ಮರಳು, ಗುಡ್ಡ, ದ್ವೀಪ, ನದಿ ಎಲ್ಲವೂ ಒಂದೇ ನೋಟಕ್ಕೆ ಸಿಗಬೇಕಾದರೆ ಕಾರವಾರಕ್ಕೆ ಸಾಟಿಯಾದದ್ದನ್ನು ನಾನು ಕಂಡಿಲ್ಲ. ಎಲ್ಲಿಗೆ ಹೋದರೂ ನೀರಿಗೆ ಕಾಲಿಡುವ ಮುಂಚೆ ದಡದಲ್ಲಿ ಬಲೆ ಬಿಡಿಸುತ್ತ ಕೂತವರನ್ನು ಒಂದು ಮಾತು ಕೇಳಿ. ಅವರು ಬೇಡವೆಂದರೆ ಇಳಿಯಬೇಡಿ, ಮಕ್ಕಳನ್ನೂ ಇಳಿಸಬೇಡಿ.