ಹರಿದ ಬೂಟು, ಹಳೆಯ ಕೀಲು

ಜಾಕಿ ಕೊಟ್ಟು ಎತ್ತಿದ್ದ ನಮ್ಮ ಮನೆಯ ಮಾರುತಿ 800ರ ಎಡ ಮುಂಚಕ್ರದ ಒಳಮೈಗೆಲ್ಲ ಕಪ್ಪು ಗ್ರೀಸ್ ಸಿಡಿದಿತ್ತು. ‘ಆಕ್ಸಲ್ ಬೂಟ್ ಹರಿದಿದೆ ನೋಡಪ್ಪ. ಒಳಗೆ ಮಣ್ಣು ಸೇರಿದ್ರೆ ಜಾಯಿಂಟೇ ಹೋಯ್ತು’ ಎಂದರು ಅರವತ್ತು ದಾಟಿದ ಮೆಕ್ಯಾನಿಕ್. ಬೂಟಿಗೆ ನೂರುಗಳ ಲೆಕ್ಕ, ಜಾಯಿಂಟಿಗೆ ಸಾವಿರಗಳ ಲೆಕ್ಕ. ಬಿಚ್ಚಿ ನೋಡುವವರೆಗೆ ಯಾವುದೆಂದು ಹೇಳಲಾಗದು.

ಬೂಟ್ ಎಂದರೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರ್ ಚೀಲ. ಅದು ಕಾಯುವ ಕೀಲಿನ ಚರಿತ್ರೆ ಮಾತ್ರ ದೊಡ್ಡದು. ಎರಡು ದಂಡಗಳು ಒಂದಕ್ಕೊಂದು ಓರೆಯಾಗಿದ್ದಾಗಲೂ ಒಂದರ ತಿರುಗಾಟವನ್ನು ಇನ್ನೊಂದಕ್ಕೆ ದಾಟಿಸುವ ಕೀಲನ್ನು ರಾಬರ್ಟ್ ಹುಕ್ 1676ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಿವರಿಸಿದ್ದಾನೆ. ಅದರಲ್ಲೊಂದು ತೊಡಕಿದೆ. ಮೊದಲ ದಂಡ ಒಂದೇ ವೇಗದಲ್ಲಿ ತಿರುಗಿದರೂ ಎರಡನೆಯದು ಪ್ರತಿ ಸುತ್ತಿಗೆ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಓರೆ 30 ಡಿಗ್ರಿಯಾದರೆ ವೇಗ ಒಮ್ಮೆ ಶೇಕಡ 15ರಷ್ಟು ಹೆಚ್ಚಿ, ಇನ್ನೊಮ್ಮೆ 13ರಷ್ಟು ಕುಗ್ಗುತ್ತದೆ. ಹುಕ್‌ಗೆ ಇದು ಗೊತ್ತಿತ್ತು, ಗೊತ್ತಿದ್ದೇ ಬಳಸಿಕೊಂಡ. ಸೂರ್ಯಗಡಿಯಾರದ ನೆರಳು ಕೂಡ ಗಂಟೆಗಂಟೆಗೂ ಒಂದೇ ಕೋನದಷ್ಟು ಸರಿಯುವುದಿಲ್ಲವಲ್ಲ, ಆ ಅಸಮ ನಡೆಯನ್ನು ಯಂತ್ರದಲ್ಲಿ ಮೂಡಿಸಲು ಈ ಕೀಲೇ ತಕ್ಕದ್ದೆಂದು ಕಂಡುಕೊಂಡ.

ನೆರಳಿಗೆ ಒಪ್ಪಿದ್ದು ಕಾರಿನ ಮುಂಚಕ್ರಕ್ಕೆ ಒಪ್ಪದು. ಎಂಜಿನ್ನಿನ ಬಲ ಮುಂಚಕ್ರಕ್ಕೇ ಹೋಗಬೇಕಾದರೆ ಆ ಚಕ್ರ ತಿರುವಿನಲ್ಲಿ ಹೊರಳುತ್ತಲೂ ಇರಬೇಕು, ಸಮವಾಗಿ ಉರುಳುತ್ತಲೂ ಇರಬೇಕು. 1926ರಲ್ಲಿ ಫ್ರಾನ್ಸಿನ ಗ್ರೆಗ್ವಾರ್ ಮತ್ತು ಫೆನಾಯ್ ‘ಟ್ರಾಕ್ಟಾ’ ಎಂಬ ಕೀಲು ತಂದರು. ಅದೇ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ ಉಕ್ಕಿನ ಗುಂಡುಗಳ ಕೀಲು ರೂಪಿಸಿದ. ಇಂದಿನ ಇಂಥ ಕೀಲಿನಲ್ಲಿ ಆರು ಗುಂಡುಗಳು ಬಾಗಿದ ಗಾಡಿಗಳಲ್ಲಿ ಕೂತು, ಎರಡು ದಂಡಗಳ ನಡುವಿನ ಕೋನವನ್ನು ಸದಾ ಸರಿಯಾಗಿ ಅರ್ಧ ಮಾಡುವ ಸಮತಲದಲ್ಲೇ ಇರುತ್ತವೆ. ಹಾಗಾಗಿ ವೇಗ ಏರಿಳಿಯುವುದಿಲ್ಲ. 1959ರಲ್ಲಿ ಅಲೆಕ್ ಇಸಿಗೋನಿಸ್‌ನ ಮಿನಿ ಕಾರು ಬಂದ ಮೇಲೆ ಈ ಕೀಲು ಸಾಮಾನ್ಯರ ಕಾರಿಗೂ ಇಳಿಯಿತು.

ನಮ್ಮಲ್ಲಿಗೆ ಅದು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ಮೇಲೆ. ಅಲ್ಲಿಯವರೆಗಿನ ಅಂಬಾಸಿಡರ್, ಪದ್ಮಿನಿಗಳದು ಹಿಂಚಕ್ರದ ಎಳೆತ. ಉದ್ದನೆಯ ಶಾಫ್ಟಿನಲ್ಲಿ ಇದ್ದದ್ದು ಹುಕ್‌ನ ಕೀಲಿನ ವಂಶವೇ, ಗ್ಯಾರೇಜಿನ ಮಾತಿನಲ್ಲಿ ‘ಕ್ರಾಸ್’. ‘ಅಂಬಾಸಿಡರ್ ಬಂದ್ರೆ ಮೊದಲು ಗ್ರೀಸ್ ಗನ್ ಕೈಗೆ ತಗೋತಿದ್ವಿ. ಇದು ಬಂದಾಗ ಗ್ರೀಸ್ ಎಲ್ಲಿಗೆ ಹೊಡೀಬೇಕು ಅಂತಲೇ ಗೊತ್ತಾಗ್ಲಿಲ್ಲ’ ಎಂದು ಮೆಕ್ಯಾನಿಕ್ ನಕ್ಕರು. ಹೊಡೆಯಲು ಜಾಗವೇ ಇಲ್ಲ. ಒಮ್ಮೆ ತುಂಬಿದ ಗ್ರೀಸ್ ಬೂಟಿನೊಳಗೇ ಇರಬೇಕು. ಕೀಲಿಗೆ ಪೇಟೆಂಟಿನ ದಾಖಲೆ ಇದೆ. ಒಂದು ಪೀಳಿಗೆಯ ಮೆಕ್ಯಾನಿಕ್‌ಗಳು ಗ್ರೀಸ್ ಗನ್ ಕೆಳಗಿಟ್ಟು ರಬ್ಬರಿನ ಬಿರುಕು ಹುಡುಕಲು ಕಲಿತದ್ದಕ್ಕೆ ಯಾವ ಕಡತ ತೆರೆಯಲಿ? ತಂತ್ರಜ್ಞಾನದ ಇತಿಹಾಸ ಓದುವ ನಾನು ಈ ಪ್ರಶ್ನೆಯನ್ನು ನನ್ನ ಪ್ರಬಂಧದಲ್ಲಿ ಇಷ್ಟು ದಿನ ಕೇಳಿಕೊಂಡೇ ಇರಲಿಲ್ಲ.

ಕಾರು ನೆಲದ ಮೇಲಿದ್ದಾಗಲೇ ಅವರು ಹಬ್ ನಟ್ಟನ್ನು ಸಡಿಲಿಸಿದ್ದರು. ಈಗ ಚಕ್ರ ಕಳಚಿ, ಕೆಳಗಿನ ಆರ್ಮ್ ಬಿಡಿಸಿ, ಶಾಫ್ಟ್ ಎಳೆದರು. ಗೇರ್ ಆಯಿಲ್ ತಟ್ಟೆಗೆ ಸುರಿಯಿತು. ಹೊರಗಿನ ಬೂಟ್ ಮಡಿಕೆಯ ತಗ್ಗಿನಲ್ಲಿ ಸೀಳಿತ್ತು. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಮಡಚಿಕೊಳ್ಳುವುದು ಅದೇ, ಹೆಚ್ಚಾಗಿ ಮೊದಲು ಹರಿಯುವುದೂ ಅದೇ. ಸುತ್ತಿಗೆಯಿಂದ ತಟ್ಟಿ ಜಾಯಿಂಟ್ ಬಿಡಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಗುಂಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ನಾನು ಉಸಿರು ಬಿಗಿಹಿಡಿದಿದ್ದೆ. ಗುಂಡುಗಳಲ್ಲಿ ಚುಕ್ಕೆಯಿಲ್ಲ, ಗಾಡಿಗಳಲ್ಲಿ ತಗ್ಗಿಲ್ಲ.

ಹೊಸ ಬೂಟನ್ನು ಮೊದಲು ಶಾಫ್ಟಿಗೆ ತೂರಿಸಿದರು (ಆತುರದಲ್ಲಿ ಇದನ್ನು ಮರೆತು ಜಾಯಿಂಟ್ ಕೂರಿಸಿದವರುಂಟಂತೆ). ಕಪ್ಪು ಮಾಲಿಬ್ಡಿನಮ್ ಗ್ರೀಸನ್ನು ಗುಂಡುಗಳ ಸಂದಿಗೆ ಬೆರಳಿನಿಂದ ಒತ್ತಿ ತುಂಬಿದರು. ಒಳಗಿನ ಗಾಳಿ ಹೊರಡಿಸಿ ಕ್ಲಿಪ್ ಬಿಗಿದರು. ಕೈ ಒರೆಸಿಕೊಳ್ಳುತ್ತಾ ಇನ್ನೊಂದು ಚಕ್ರದ ಹಿಂದೆ ಟಾರ್ಚ್ ಬಿಟ್ಟರು.

‘ಬಲಗಡೆದೂ ಬಿರುಕು ಬಿಡ್ತಿದೆ. ಮಳೆಗಾಲಕ್ಕೆ ಮುಂಚೆ ತಗೊಂಡು ಬಾ.’